ಇಎಸ್‌ಐ ಸೌಲಭ್ಯಗಳು ಯಾರಿಗೆ, ಯಾವಾಗ, ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ, ಜಿಲ್ಲಾ ಕೇಂದ್ರಗಳ ಹೋಟೆಲು–ಅಂಗಡಿಗಳಲ್ಲಿ ದುಡಿಯುವ ಲಕ್ಷಾಂತರ ಜನರ ಪೇ ಸ್ಲಿಪ್ಪಿನಲ್ಲಿ ಪ್ರತಿ ತಿಂಗಳೂ ‘ಇಎಸ್‌ಐ’ ಎಂಬ ಒಂದು ಸಾಲು ಇರುತ್ತದೆ. ಹಣ ಕಟಾವಾಗುವುದು ಎಲ್ಲರಿಗೂ ಗೊತ್ತು. ಆ ಹಣಕ್ಕೆ ಪ್ರತಿಯಾಗಿ ಏನೇನು ಸಿಗಬೇಕು ಎಂಬುದು ಮಾತ್ರ ಬಹಳ ಮಂದಿಗೆ ತಿಳಿದಿಲ್ಲ. ಇಎಸ್‌ಐ ಎಂದರೆ ಜ್ವರಕ್ಕೆ ಗುಳಿಗೆ ಕೊಡುವ ಡಿಸ್ಪೆನ್ಸರಿ ಎಂದಷ್ಟೇ ತಿಳಿದು, ಕಾಯಿಲೆ, ಹೆರಿಗೆ, ಅಪಘಾತ, ನಿರುದ್ಯೋಗದ ಸಮಯದಲ್ಲಿ ನಗದಾಗಿ ಬರಬೇಕಾದ ಹಣವನ್ನು ಕೇಳದೆಯೇ ಬಿಟ್ಟವರಿದ್ದಾರೆ. ಈ ಪುಟವನ್ನು ಬರೆದಿರುವುದು ಮುಖ್ಯವಾಗಿ ಅಂಥವರಿಗಾಗಿ. ಲೆಕ್ಕ ಸುಲಭವಾಗಲೆಂದು ಎಲ್ಲ ಉದಾಹರಣೆಗಳಲ್ಲೂ ತಿಂಗಳಿಗೆ ₹15,000, ಅಂದರೆ ದಿನಕ್ಕೆ ಸುಮಾರು ₹500 ವೇತನವಿರುವ ನೌಕರರನ್ನು ಇಟ್ಟುಕೊಳ್ಳಲಾಗಿದೆ.

ಇಎಸ್‌ಐ ಯೋಜನೆ ಎಂದರೇನು? ಇದನ್ನು ನಡೆಸುವವರು ಯಾರು?

ನೌಕರರ ರಾಜ್ಯ ವಿಮಾ ಯೋಜನೆಯೇ ಇಎಸ್‌ಐ. ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಪ್ರೊ. ಬಿ.ಪಿ. ಅಡಾರ್ಕರ್ ಅವರು 1944ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ 1948ರಲ್ಲಿ ಕಾಯ್ದೆ ರೂಪುಗೊಂಡಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. ಬೆಂಗಳೂರಿಗೆ ಬಂದದ್ದು 1958ರಲ್ಲಿ. ಕೇಂದ್ರ ಕಾರ್ಮಿಕ ಸಚಿವಾಲಯದ ಅಡಿಯಲ್ಲಿರುವ ನೌಕರರ ರಾಜ್ಯ ವಿಮಾ ನಿಗಮವು ವಂತಿಗೆ ಸಂಗ್ರಹಿಸಿ, ನಗದು ಸೌಲಭ್ಯಗಳನ್ನು ತನ್ನ ಶಾಖಾ ಕಚೇರಿಗಳ ಮೂಲಕ ನೀಡುತ್ತದೆ. ಚಿಕಿತ್ಸೆಯ ವ್ಯವಸ್ಥೆಯಲ್ಲಿ ರಾಜ್ಯ ಸರ್ಕಾರದ ಪಾಲೂ ಇದೆ. ರಾಜಾಜಿನಗರದ ಆಸ್ಪತ್ರೆ ಮತ್ತು ಕಲಬುರಗಿಯ ವೈದ್ಯಕೀಯ ಕಾಲೇಜು ನೇರವಾಗಿ ನಿಗಮದವು. ಬೆಂಗಳೂರಿನ ಇಂದಿರಾನಗರದ ಇಎಸ್‌ಐ ಆಸ್ಪತ್ರೆಯನ್ನೂ ಬಡಾವಣೆಗಳಲ್ಲಿರುವ ಬಹುಪಾಲು ಡಿಸ್ಪೆನ್ಸರಿಗಳನ್ನೂ ರಾಜ್ಯ ಸರ್ಕಾರದ ಇಲಾಖೆ ನಡೆಸುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ಅಲೆದಾಟ ತಪ್ಪುತ್ತದೆ: ಔಷಧಿ ಮತ್ತು ವೈದ್ಯಕೀಯ ಪ್ರಮಾಣಪತ್ರಕ್ಕೆ ಡಿಸ್ಪೆನ್ಸರಿಗೆ ಹೋಗಬೇಕು, ಹಣಕ್ಕೆ ನಿಗಮದ ಶಾಖಾ ಕಚೇರಿಗೆ ಹೋಗಬೇಕು.

ಯಾವ ಸಂಸ್ಥೆಗಳಿಗೆ ಮತ್ತು ಯಾವ ನೌಕರರಿಗೆ ಇದು ಅನ್ವಯಿಸುತ್ತದೆ?

ಕರ್ನಾಟಕದಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಾರ್ಖಾನೆಗಳು, ಅಂಗಡಿಗಳು, ಹೋಟೆಲುಗಳು, ಚಿತ್ರಮಂದಿರಗಳು, ರಸ್ತೆ ಸಾರಿಗೆ ಸಂಸ್ಥೆಗಳು ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ವರ್ಷದ ಕೆಲವೇ ತಿಂಗಳು ನಡೆಯುವ ಹಂಗಾಮಿ ಕಾರ್ಖಾನೆಗಳಿಗೆ ವಿನಾಯಿತಿ ಇದೆ. ಇಂಥ ಸಂಸ್ಥೆಯಲ್ಲಿ ತಿಂಗಳಿಗೆ ₹21,000ದವರೆಗೆ ವೇತನ ಪಡೆಯುವ ಪ್ರತಿಯೊಬ್ಬ ನೌಕರರನ್ನೂ ವಿಮೆಗೆ ಒಳಪಡಿಸುವುದು ಕಡ್ಡಾಯ. ಅಂಗವಿಕಲ ನೌಕರರಿಗೆ ಈ ಮಿತಿ ₹25,000. ಓವರ್‌ಟೈಮ್ ಹಣವನ್ನು ಮಿತಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದ್ದರಿಂದ ₹19,500 ವೇತನದವರು ಹಬ್ಬದ ಸಮಯದಲ್ಲಿ ಓವರ್‌ಟೈಮ್ ಮಾಡಿ ₹23,000 ಪಡೆದರೆಂದು ಅವರು ಯೋಜನೆಯಿಂದ ಹೊರಬೀಳುವುದಿಲ್ಲ.

ಖಾಯಂ ನೌಕರರಿಗಷ್ಟೇ ಇಎಸ್‌ಐ ಎಂಬ ಮಾತು ಸರಿಯಲ್ಲ. ದಿನಗೂಲಿಯವರು, ತಾತ್ಕಾಲಿಕ ಕೆಲಸದವರು, ಗುತ್ತಿಗೆದಾರರ ಮೂಲಕ ಬಂದ ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿ ಸಿಬ್ಬಂದಿ ಎಲ್ಲರೂ ಸೇರುತ್ತಾರೆ. ಗುತ್ತಿಗೆದಾರನು ವಂತಿಗೆ ಕಟ್ಟದಿದ್ದರೆ ಅದರ ಹೊಣೆ ಕೆಲಸ ಮಾಡಿಸಿಕೊಳ್ಳುವ ಮೂಲ ಸಂಸ್ಥೆಯ ಮೇಲೆ ಬೀಳುತ್ತದೆ. ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆಯುತ್ತಿರುವವರು ಮಾತ್ರ ಈ ಯೋಜನೆಯ ಹೊರಗೆ ಉಳಿಯುತ್ತಾರೆ. ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದು ಇಲ್ಲಿ ದುಡಿಯುವವರಿಗೂ ಇದೇ ನಿಯಮ. ಅವರ ಕುಟುಂಬ ಊರಿನಲ್ಲೇ ಇದ್ದರೆ, ಅಲ್ಲಿನ ಡಿಸ್ಪೆನ್ಸರಿಯನ್ನು ಕುಟುಂಬಕ್ಕಾಗಿ ಆಯ್ದುಕೊಳ್ಳಲು ಅವಕಾಶವಿದೆ.

ವೇತನದಿಂದ ಎಷ್ಟು ಹಣ ಕಟಾವಾಗಬೇಕು?

2019ರ ಜುಲೈ 1ರಿಂದ ನೌಕರರ ಪಾಲು ವೇತನದ ಶೇ 0.75, ಮಾಲೀಕರ ಪಾಲು ಶೇ 3.25. ₹15,000 ವೇತನಕ್ಕೆ ನೌಕರರಿಂದ ₹113, ಮಾಲೀಕರಿಂದ ₹488 ಸಂದಾಯವಾಗುತ್ತದೆ. ದಿನದ ಸರಾಸರಿ ವೇತನ ₹176 ಅಥವಾ ಅದಕ್ಕಿಂತ ಕಡಿಮೆ ಇರುವವರು ತಮ್ಮ ಪಾಲನ್ನು ಕೊಡಬೇಕಿಲ್ಲ. ಮಾಲೀಕರ ಪಾಲು ಮಾತ್ರ ಸಲ್ಲುತ್ತದೆ, ಸೌಲಭ್ಯಗಳಲ್ಲಿ ಯಾವ ಕಡಿತವೂ ಇರುವುದಿಲ್ಲ. ಮಾಲೀಕರು ತಮ್ಮ ಪಾಲನ್ನೂ ನೌಕರರ ಸಂಬಳದಿಂದಲೇ ಹಿಡಿಯುವುದು ಕಾನೂನುಬಾಹಿರ. ನಿಮ್ಮ ಪೇ ಸ್ಲಿಪ್ಪಿನಲ್ಲಿ ಇಎಸ್‌ಐ ಹೆಸರಿನಲ್ಲಿ ಶೇ 4ರಷ್ಟು ಕಟಾವಾಗಿದ್ದರೆ ಅದನ್ನು ಪ್ರಶ್ನಿಸಲೇಬೇಕು.

ವಂತಿಗೆ ಅವಧಿ, ಸೌಲಭ್ಯ ಅವಧಿ ಎಂದರೇನು? ಇದು ಅಷ್ಟೊಂದು ಮುಖ್ಯವೇ?

ಬಹಳ ಮುಖ್ಯ. ಚಿಕಿತ್ಸೆ ಮತ್ತು ಕೆಲಸದ ಅಪಘಾತದ ಸೌಲಭ್ಯಗಳನ್ನು ಬಿಟ್ಟರೆ, ಉಳಿದ ನಗದು ಸೌಲಭ್ಯಗಳ ಅರ್ಹತೆ ನಿಂತಿರುವುದು ನಿಮ್ಮ ಹೆಸರಿನಲ್ಲಿ ಎಷ್ಟು ದಿನಗಳ ವಂತಿಗೆ ಇದೆ ಎಂಬುದರ ಮೇಲೆ. ಅರ್ಜಿಗಳು ತಿರಸ್ಕೃತವಾಗುವುದೂ ಹೆಚ್ಚಾಗಿ ಇದೇ ಲೆಕ್ಕದಲ್ಲಿ.

ವರ್ಷದಲ್ಲಿ ಎರಡು ವಂತಿಗೆ ಅವಧಿಗಳಿವೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ ಸೌಲಭ್ಯ ಸಿಗುತ್ತದೆ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಕಟ್ಟಿದ್ದಕ್ಕೆ ಜುಲೈ 1ರಿಂದ ಡಿಸೆಂಬರ್ 31ರವರೆಗೆ ಸಿಗುತ್ತದೆ. ಉದಾಹರಣೆಗೆ, ಒಬ್ಬರು ಆಗಸ್ಟ್ ತಿಂಗಳಲ್ಲಿ ಕಾಯಿಲೆ ಬಿದ್ದರೆ, ಶಾಖಾ ಕಚೇರಿಯವರು ನೋಡುವುದು ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ದಿನಗಳನ್ನು; ಜೂನ್–ಜುಲೈನಲ್ಲಿ ಎಷ್ಟು ದಿನ ಕೆಲಸ ಮಾಡಿದಿರಿ ಎಂಬುದು ಆ ಅರ್ಜಿಗೆ ಲೆಕ್ಕಕ್ಕೆ ಬರುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರ ಮೊದಲ ವಂತಿಗೆ ಅವಧಿ ಸೇರಿದ ದಿನದಿಂದಲೇ ಶುರುವಾಗುತ್ತದೆ. ಅವರ ಮೊದಲ ಸೌಲಭ್ಯ ಅವಧಿ ಒಂಬತ್ತು ತಿಂಗಳು ಕಳೆದ ಮೇಲೆ ಆರಂಭವಾಗುತ್ತದೆ.

ಆದ್ದರಿಂದ ಸಂಬಳದ ಚೀಟಿಗಳನ್ನು ಎಸೆಯಬೇಡಿ. ಪ್ರತಿ ತಿಂಗಳ ಚೀಟಿಯಲ್ಲೂ ಹಾಜರಾತಿಯ ದಿನಗಳು ಸರಿಯಾಗಿ ನಮೂದಾಗಿವೆಯೇ ಎಂದು ನೋಡಿಕೊಳ್ಳಿ. ನಿಮ್ಮ ಹತ್ತು ಅಂಕಿಯ ವಿಮಾ ಸಂಖ್ಯೆಯನ್ನು ಬಳಸಿ ನಿಗಮದ ಜಾಲತಾಣದಲ್ಲಿ ವಂತಿಗೆಯ ವಿವರವನ್ನು ನೀವೇ ಪರಿಶೀಲಿಸಬಹುದು. ಕೆಲಸ ಬದಲಿಸಿದರೂ ಈ ಸಂಖ್ಯೆ ಬದಲಾಗಬಾರದು. ಹೊಸ ಕಂಪನಿಯವರು ಹಳೆಯ ಸಂಖ್ಯೆಯನ್ನು ಕೇಳದೆ ಹೊಸದೊಂದನ್ನು ಮಾಡಿಸಿದರೆ ನಿಮ್ಮ ಹಿಂದಿನ ದಿನಗಳೆಲ್ಲ ಬೇರೊಂದು ಖಾತೆಯಲ್ಲಿ ಉಳಿದುಬಿಡುತ್ತವೆ; ಹಾಗಾಗಿ ಸೇರುವ ದಿನವೇ ಹಳೆಯ ಸಂಖ್ಯೆಯನ್ನು ಬರೆದುಕೊಡಿ.

ನಡುವೆ ಸಂಬಳ ₹21,000 ದಾಟಿದರೆ ಇಎಸ್‌ಐ ಕೂಡಲೇ ನಿಂತುಹೋಗುತ್ತದೆಯೇ?

ಇಲ್ಲ. ವಂತಿಗೆ ಅವಧಿಯ ನಡುವೆ ವೇತನ ಹೆಚ್ಚಿದರೆ, ಆ ಅವಧಿ ಮುಗಿಯುವವರೆಗೂ ನೀವು ವಿಮೆಯಲ್ಲಿ ಮುಂದುವರಿಯುತ್ತೀರಿ, ಮತ್ತು ಹೆಚ್ಚಿದ ಪೂರ್ಣ ವೇತನದ ಮೇಲೆ ವಂತಿಗೆ ಕಟಾವಾಗುತ್ತದೆ. ಜೂನ್‌ನಲ್ಲಿ ಸಂಬಳ ₹22,000 ಆದವರ ವಂತಿಗೆ ಸೆಪ್ಟೆಂಬರ್ 30ರವರೆಗೆ ನಡೆಯುತ್ತದೆ. ಆ ವಂತಿಗೆಗೆ ಸಲ್ಲುವ ಸೌಲಭ್ಯ ಅವಧಿ ಮುಂದಿನ ವರ್ಷದ ಜೂನ್ 30ರವರೆಗೆ ಇರುತ್ತದೆ.

ಚಿಕಿತ್ಸೆ ಯಾವಾಗಿನಿಂದ ಸಿಗುತ್ತದೆ? ಕುಟುಂಬದಲ್ಲಿ ಯಾರೆಲ್ಲ ಸೇರುತ್ತಾರೆ?

ಕೆಲಸಕ್ಕೆ ಸೇರಿ ವಿಮೆಗೆ ಒಳಪಟ್ಟ ದಿನದಿಂದಲೇ ನಿಮಗೂ ನಿಮ್ಮ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕು ಹುಟ್ಟುತ್ತದೆ. ಹೊರರೋಗಿ ತಪಾಸಣೆ, ಔಷಧಿ, ಪರೀಕ್ಷೆಗಳು, ಆಸ್ಪತ್ರೆ ವಾಸ, ಶಸ್ತ್ರಚಿಕಿತ್ಸೆ ಇವಕ್ಕೆ ಒಬ್ಬರಿಗೆ ಇಷ್ಟೇ ಎಂಬ ಖರ್ಚಿನ ಮಿತಿ ಇಲ್ಲ. ಹೃದಯ ಶಸ್ತ್ರಚಿಕಿತ್ಸೆಯಂಥ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಸೇವೆ ಮತ್ತು ವಂತಿಗೆಯ ಪ್ರತ್ಯೇಕ ಷರತ್ತುಗಳಿವೆ. ಇಎಸ್‌ಐ ಆಸ್ಪತ್ರೆಯಲ್ಲಿ ಸೌಕರ್ಯವಿಲ್ಲದಿದ್ದರೆ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಆಗ ರೋಗಿ ಹಣ ಕಟ್ಟಬೇಕಿಲ್ಲ. ರೆಫರಲ್ ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ, ತುರ್ತು ಸಂದರ್ಭವೆಂದು ರುಜುವಾತಾದಾಗ ಮಾತ್ರ, ಅದೂ ನಿಗದಿತ ದರಗಳಲ್ಲಿ ಹಣ ಮರುಪಾವತಿಯಾಗುತ್ತದೆ.

ಕುಟುಂಬ ಎಂದರೆ ಪತಿ ಅಥವಾ ಪತ್ನಿ, ಅವಲಂಬಿತ ಅಪ್ರಾಪ್ತ ಮಕ್ಕಳು, ಓದುತ್ತಿದ್ದರೆ 21 ವರ್ಷದವರೆಗಿನ ಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು, ದುಡಿಯಲಾಗದ ಅಂಗವಿಕಲ ಮಕ್ಕಳು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯವಿರುವ ತಂದೆ–ತಾಯಿ. ಮದುವೆಯಾಗದ, ತಂದೆ–ತಾಯಿ ಇಲ್ಲದ ನೌಕರರು ತಮ್ಮನ್ನೇ ನೆಚ್ಚಿಕೊಂಡ ಅಪ್ರಾಪ್ತ ತಮ್ಮ–ತಂಗಿಯರನ್ನು ಸೇರಿಸಬಹುದು. ಮದುವೆಯಾದಾಗ, ಮಗು ಹುಟ್ಟಿದಾಗ ಹೆಸರು ಸೇರಿಸುವುದನ್ನು ಮುಂದೂಡಬೇಡಿ. ಆಸ್ಪತ್ರೆಯ ಕೌಂಟರಿನ ಮುಂದೆ ಅಳುವ ಮಗುವನ್ನು ಎತ್ತಿಕೊಂಡು ನಿಂತಾಗ ಆಧಾರ್ ಜೋಡಣೆಗೆ ಓಡಾಡುವ ಕಷ್ಟ ಯಾರಿಗೂ ಬೇಡ.

ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಹಣ ಸಿಗುತ್ತದೆಯೇ?

ಸಿಗುತ್ತದೆ. ಇದಕ್ಕೆ ಕಾಯಿಲೆ ಸೌಲಭ್ಯ ಎಂದು ಹೆಸರು. ದಿನದ ಸರಾಸರಿ ವೇತನದ ಶೇ 70ರಂತೆ, ಒಂದು ವರ್ಷದಲ್ಲಿ ಗರಿಷ್ಠ 91 ದಿನಗಳವರೆಗೆ ಕೊಡುತ್ತಾರೆ. ಸಂಬಂಧಪಟ್ಟ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಹೊಸಬರ ಮೊದಲ ವಂತಿಗೆ ಅವಧಿ ಆರು ತಿಂಗಳಿಗಿಂತ ಚಿಕ್ಕದಾಗಿದ್ದರೆ, ಆ ಅವಧಿಯಲ್ಲಿ ಕೆಲಸಕ್ಕೆ ಲಭ್ಯವಿದ್ದ ದಿನಗಳ ಅರ್ಧದಷ್ಟಿದ್ದರೆ ಸಾಕು.

ಪ್ರತಿ ಕಾಯಿಲೆಯ ಮೊದಲ ಎರಡು ದಿನಗಳಿಗೆ ಹಣ ಬರುವುದಿಲ್ಲ. ಹಿಂದಿನ ಕಾಯಿಲೆ ಮುಗಿದ 15 ದಿನಗಳೊಳಗೆ ಮತ್ತೆ ಕಾಯಿಲೆ ಬಿದ್ದರೆ ಮಾತ್ರ ಈ ಕಡಿತ ಇರುವುದಿಲ್ಲ. ದಿನಕ್ಕೆ ₹500 ವೇತನದವರು ಟೈಫಾಯ್ಡ್ ಬಂದು ಹತ್ತು ದಿನ ಮನೆಯಲ್ಲಿದ್ದರೆ, ಎಂಟು ದಿನಗಳಿಗೆ ₹350ರಂತೆ ₹2,800 ಸಿಗಬೇಕು. ಮನೆ ಬಾಡಿಗೆಯ ಒಂದು ಭಾಗವನ್ನಾದರೂ ತುಂಬುವ ಈ ಮೊತ್ತವನ್ನು ಅನೇಕರು ಕೇಳುವುದೇ ಇಲ್ಲ.

ಹಣ ಕೈತಪ್ಪಲು ಮುಖ್ಯ ಕಾರಣ ಪ್ರಮಾಣಪತ್ರ. ಕಾಯಿಲೆ ಬಿದ್ದ ದಿನವೇ ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರಿಗೆ ತೋರಿಸಿ ಮೊದಲ ಪ್ರಮಾಣಪತ್ರ ಪಡೆಯಬೇಕು. ಕಾಯಿಲೆ ಮುಂದುವರಿದರೆ ಮಧ್ಯಂತರ ಪ್ರಮಾಣಪತ್ರ, ಗುಣವಾದಾಗ ಕೆಲಸಕ್ಕೆ ಹೋಗಬಹುದೆಂಬ ಅಂತಿಮ ಪ್ರಮಾಣಪತ್ರ ಬೇಕು. ಮನೆ ಹತ್ತಿರದ ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸಿಕೊಂಡು, ಗುಣವಾದ ಮೇಲೆ ಡಿಸ್ಪೆನ್ಸರಿಗೆ ಹೋಗಿ ಹಿಂದಿನ ತಾರೀಖಿನ ಪ್ರಮಾಣಪತ್ರ ಕೇಳಿದರೆ ಸಿಗುವುದು ಕಷ್ಟ.

ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ 91 ದಿನಗಳು ಸಾಲದಿದ್ದರೆ?

ನಿಗಮವು ಗುರುತಿಸಿರುವ 34 ದೀರ್ಘಕಾಲೀನ ಕಾಯಿಲೆಗಳಿಗೆ ವಿಸ್ತೃತ ಕಾಯಿಲೆ ಸೌಲಭ್ಯ ಇದೆ. ದರವೂ ಹೆಚ್ಚು, ವೇತನದ ಶೇ 80. ಅರ್ಹತೆಗೆ ಎರಡು ವರ್ಷಗಳ ನಿರಂತರ ಸೇವೆ ಮತ್ತು ಆ ನಾಲ್ಕು ವಂತಿಗೆ ಅವಧಿಗಳಲ್ಲಿ ಒಟ್ಟು 156 ದಿನಗಳ ವಂತಿಗೆ ಬೇಕು. ವೈದ್ಯಕೀಯ ಶಿಫಾರಸಿನ ಮೇರೆಗೆ ಈ ಸೌಲಭ್ಯ ಎರಡು ವರ್ಷಗಳವರೆಗೂ ಮುಂದುವರಿಯಬಹುದು.

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಸೌಲಭ್ಯವಿದ್ದು, ಪೂರ್ಣ ವೇತನವೇ ಸಿಗುತ್ತದೆ: ಪುರುಷರಿಗೆ 7 ದಿನ, ಮಹಿಳೆಯರಿಗೆ 14 ದಿನ.

ಹೆರಿಗೆ ಸೌಲಭ್ಯಕ್ಕೆ ಯಾರು ಅರ್ಹರು? ಎಷ್ಟು ಹಣ ಬರುತ್ತದೆ?

ಹೆರಿಗೆ ನಡೆಯುವ ಸೌಲಭ್ಯ ಅವಧಿಯ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಇರುವ ಮಹಿಳಾ ನೌಕರರು ಅರ್ಹರು. ಮಾರ್ಚ್‌ನಲ್ಲಿ ಹೆರಿಗೆಯ ದಿನ ಕೊಟ್ಟಿದ್ದರೆ, ಹಿಂದಿನ ವರ್ಷದ ಏಪ್ರಿಲ್–ಸೆಪ್ಟೆಂಬರ್ ಮತ್ತು ಅದಕ್ಕೂ ಹಿಂದಿನ ಅಕ್ಟೋಬರ್–ಮಾರ್ಚ್ ಅವಧಿಗಳನ್ನು ನೋಡುತ್ತಾರೆ. ಪೂರ್ಣ ವೇತನದ ದರದಲ್ಲಿ 26 ವಾರಗಳು, ಅಂದರೆ 182 ದಿನಗಳ ಹಣ ಬರುತ್ತದೆ. ದಿನಕ್ಕೆ ₹500ರಂತೆ ಇದು ₹91,000. ಹೊಲಿಗೆ ಯಂತ್ರದ ಮುಂದೆ ವರ್ಷಗಟ್ಟಲೆ ಕೂತ ಹೆಣ್ಣುಮಗಳಿಗೆ ಬಾಣಂತನದ ಆರು ತಿಂಗಳು ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ವಿವರಿಸಬೇಕಿಲ್ಲ. ಅದಕ್ಕಾಗಿಯೇ, ಗರ್ಭಿಣಿ ಎಂದು ತಿಳಿಯುತ್ತಲೇ ಕೆಲಸ ಬಿಡಿಸುವ ಅಥವಾ ತಾನಾಗಿ ಬಿಡುವಂತೆ ಮಾಡುವ ಕ್ರಮವನ್ನು ಗಟ್ಟಿಯಾಗಿ ವಿರೋಧಿಸಬೇಕು. ಹೆರಿಗೆ ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರೆ ಹಾಕಬೇಡಿ.

26 ವಾರಗಳಲ್ಲಿ ಗರಿಷ್ಠ ಎಂಟು ವಾರಗಳನ್ನು ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದು. ಬದುಕಿರುವ ಇಬ್ಬರು ಮಕ್ಕಳಿರುವಾಗ ಮತ್ತೊಂದು ಹೆರಿಗೆಯಾದರೆ 12 ವಾರಗಳು. ಗರ್ಭಪಾತವಾದರೆ ಆರು ವಾರಗಳು. ಮೂರು ತಿಂಗಳೊಳಗಿನ ಶಿಶುವನ್ನು ಕಾನೂನುಬದ್ಧವಾಗಿ ದತ್ತು ಪಡೆದವರಿಗೆ 12 ವಾರಗಳು. ಬಸಿರು, ಹೆರಿಗೆ, ಗರ್ಭಪಾತಗಳಿಂದ ಉಂಟಾದ ಕಾಯಿಲೆಗೆ ಮತ್ತೂ ಒಂದು ತಿಂಗಳು ಸಿಗುತ್ತದೆ. ಹೆರಿಗೆಯಲ್ಲಿ ತಾಯಿ ತೀರಿಕೊಂಡು ಮಗು ಉಳಿದರೆ ಪೂರ್ಣ ಅವಧಿಯ ಹಣ ನಾಮಿನಿಗೆ ಸಲ್ಲುತ್ತದೆ.

ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಈ ಹಣ ನಿಗಮದಿಂದ ಬರುತ್ತದೆ, ಕಂಪನಿಯಿಂದಲ್ಲ. ವೇತನ ಮಿತಿಯನ್ನು ದಾಟಿ ಇಎಸ್‌ಐ ಇಲ್ಲದಿರುವ ಮಹಿಳೆಯರಿಗೆ ಹೆರಿಗೆ ಸೌಲಭ್ಯವನ್ನು ಮಾಲೀಕರೇ ಕೊಡಬೇಕು. ನೌಕರರ ಪತ್ನಿಗೆ ಹೆರಿಗೆಯ ಚಿಕಿತ್ಸೆ ಸಿಗುತ್ತದೆಯೇ ಹೊರತು ವೇತನದ ರೂಪದ ಈ ಹಣ ಸಿಗುವುದಿಲ್ಲ.

ಕೆಲಸದ ವೇಳೆ ಅಪಘಾತವಾದರೆ? ಸೇರಿ ಒಂದೇ ವಾರವಾಗಿದ್ದರೂ ಸಿಗುತ್ತದೆಯೇ?

ಒಂದೇ ದಿನವಾಗಿದ್ದರೂ ಸಿಗುತ್ತದೆ. ಕೆಲಸದಿಂದ ಉಂಟಾದ ಗಾಯಕ್ಕೆ ಅಥವಾ ಧೂಳಿನಿಂದ ಬರುವ ಸಿಲಿಕೋಸಿಸ್‌ನಂಥ ಪಟ್ಟಿಯಲ್ಲಿರುವ ವೃತ್ತಿ ಕಾಯಿಲೆಗೆ ಪರಿಹಾರ ಪಡೆಯಲು 78 ದಿನ, 70 ದಿನಗಳ ಲೆಕ್ಕ ಅಡ್ಡ ಬರುವುದಿಲ್ಲ.

ಗಾಯದಿಂದ ತಾತ್ಕಾಲಿಕವಾಗಿ ಕೆಲಸ ಮಾಡಲಾಗದಿದ್ದರೆ, ಆ ಸ್ಥಿತಿ ಇರುವಷ್ಟು ದಿನವೂ ವೇತನದ ಶೇ 90ರಂತೆ, ನಮ್ಮ ಉದಾಹರಣೆಯಲ್ಲಿ ದಿನಕ್ಕೆ ₹450ರಂತೆ ಹಣ ಬರುತ್ತದೆ. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದ ಸ್ಥಿತಿ ಇರಬೇಕು. ಇದಕ್ಕೆ ಗರಿಷ್ಠ ದಿನಗಳ ಮಿತಿ ಇಲ್ಲ.

ಗಾಯ ಶಾಶ್ವತ ನ್ಯೂನತೆಯನ್ನು ಉಳಿಸಿದರೆ, ವೈದ್ಯಕೀಯ ಮಂಡಳಿಯು ಗಳಿಕೆಯ ಸಾಮರ್ಥ್ಯ ಶೇಕಡ ಎಷ್ಟು ಕುಂದಿದೆ ಎಂದು ನಿರ್ಧರಿಸುತ್ತದೆ. ಪವರ್ ಪ್ರೆಸ್ಸಿನಲ್ಲಿ ಬೆರಳು ಹೋಗುವುದು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಇಂದಿಗೂ ನಡೆಯುತ್ತಿರುವ ಸಂಗತಿ. ಕಾನೂನಿನ ಅನುಸೂಚಿಯ ಪ್ರಕಾರ ತೋರುಬೆರಳು ಪೂರ್ತಿ ಹೋದರೆ ಶೇ 14, ಹೆಬ್ಬೆರಳು ಹೋದರೆ ಶೇ 30. ತೋರುಬೆರಳು ಕಳೆದುಕೊಂಡವರಿಗೆ ₹450ರ ಶೇ 14, ಅಂದರೆ ದಿನಕ್ಕೆ ₹63, ತಿಂಗಳಿಗೆ ಸುಮಾರು ₹1,890 ಜೀವನಪರ್ಯಂತ ಬರುತ್ತದೆ. ದಿನದ ದರ ತೀರಾ ಚಿಕ್ಕದಾಗಿದ್ದರೆ ಒಂದೇ ಗಂಟಿನಲ್ಲಿ ಪಡೆಯುವ ಅವಕಾಶವೂ ಇದೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯವೊಂದಿದೆ: ಗಾಯಗೊಂಡವರು ಮತ್ತೆ ಅದೇ ಕೆಲಸಕ್ಕೆ ಮರಳಿ ಪೂರ್ಣ ಸಂಬಳ ಪಡೆಯುತ್ತಿದ್ದರೂ ಈ ಮಾಸಿಕ ಮೊತ್ತ ನಿಲ್ಲುವುದಿಲ್ಲ.

ಇಷ್ಟೆಲ್ಲ ಸಿಗಬೇಕಾದರೆ ಅಪಘಾತ ನಡೆದದ್ದು ದಾಖಲಾಗಿರಬೇಕು. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಬರೆಸಿ, ಮಾಲೀಕರಿಂದ ನಿಗಮಕ್ಕೆ ಅಪಘಾತ ವರದಿ ಹೋಗುವಂತೆ ನೋಡಿಕೊಳ್ಳಿ. ‘ಆಸ್ಪತ್ರೆ ಖರ್ಚು ನಾವೇ ನೋಡಿಕೊಳ್ಳುತ್ತೇವೆ, ಮನೆಯಲ್ಲಿ ಬಿದ್ದೆ ಎಂದು ಹೇಳು’ ಎಂಬ ಮಾತಿಗೆ ಒಪ್ಪಿದರೆ ಜೀವಮಾನದ ಹಕ್ಕು ಕೈಬಿಡುತ್ತದೆ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪಘಾತವಾದರೆ?

2010ರ ತಿದ್ದುಪಡಿಯ ನಂತರ, ಮನೆಯಿಂದ ಕೆಲಸಕ್ಕೆ ಅಥವಾ ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತವನ್ನೂ ಕೆಲಸದ ಅಪಘಾತವೆಂದೇ ಪರಿಗಣಿಸಲಾಗುತ್ತದೆ. ಅಪಘಾತ ನಡೆದ ಸ್ಥಳ, ಸಮಯ ಮತ್ತು ಸನ್ನಿವೇಶಕ್ಕೂ ಕೆಲಸಕ್ಕೂ ಸಂಬಂಧವಿದೆ ಎಂದು ತೋರಿಸಬೇಕು. ಆದ್ದರಿಂದ ಪೊಲೀಸ್ ದೂರು, ಆಸ್ಪತ್ರೆಯ ಮೊದಲ ದಾಖಲೆ ಮತ್ತು ಆ ದಿನದ ಶಿಫ್ಟಿನ ವಿವರವನ್ನು ಇಟ್ಟುಕೊಳ್ಳಿ.

ನೌಕರರು ಮೃತಪಟ್ಟರೆ ಕುಟುಂಬಕ್ಕೆ ಏನು ಸಿಗುತ್ತದೆ?

ಕೆಲಸದ ಅಪಘಾತ ಅಥವಾ ವೃತ್ತಿ ಕಾಯಿಲೆಯಿಂದ ಸಾವು ಸಂಭವಿಸಿದರೆ ಅವಲಂಬಿತರಿಗೆ ವೇತನದ ಶೇ 90ರ ದರದಲ್ಲಿ ಮಾಸಿಕ ಪಿಂಚಣಿ ಬರುತ್ತದೆ. ಪತ್ನಿಗೆ ಐದರಲ್ಲಿ ಮೂರು ಪಾಲು, ಪ್ರತಿ ಮಗುವಿಗೆ ಹಾಗೂ ವಿಧವೆಯಾದ ತಾಯಿಗೆ ಐದರಲ್ಲಿ ಎರಡು ಪಾಲು; ಒಟ್ಟು ಮೊತ್ತ ಪೂರ್ಣ ದರವನ್ನು ಮೀರಿದರೆ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸುತ್ತಾರೆ. ಪತ್ನಿ ಮತ್ತು ಇಬ್ಬರು ಮಕ್ಕಳನ್ನು ಬಿಟ್ಟುಹೋದವರ ದಿನದ ₹450ರಲ್ಲಿ ಪತ್ನಿಗೆ ಸುಮಾರು ₹193, ಪ್ರತಿ ಮಗುವಿಗೆ ಸುಮಾರು ₹129 ಬರುತ್ತದೆ. ಪತ್ನಿಗೆ ಜೀವಿತಾವಧಿ ಅಥವಾ ಮರುಮದುವೆಯವರೆಗೆ, ಗಂಡುಮಕ್ಕಳಿಗೆ 25 ವರ್ಷದವರೆಗೆ, ಹೆಣ್ಣುಮಕ್ಕಳಿಗೆ ಮದುವೆಯವರೆಗೆ ಈ ಹಣ ನಡೆಯುತ್ತದೆ. ಪತ್ನಿ–ಮಕ್ಕಳು ಇಲ್ಲದಿದ್ದಾಗ ಅವಲಂಬಿತ ತಂದೆ–ತಾಯಿಗೆ ಪಾಲು ಸಲ್ಲುತ್ತದೆ.

ಸಾವಿಗೆ ಕಾರಣ ಏನೇ ಇರಲಿ, ವಿಮೆಯಲ್ಲಿದ್ದ ನೌಕರರ ಶವಸಂಸ್ಕಾರಕ್ಕೆ ₹15,000 ಕೊಡುತ್ತಾರೆ.

ಕೆಲಸ ಹೋದರೆ ಇಎಸ್‌ಐಯಿಂದ ನಿರುದ್ಯೋಗ ಭತ್ಯೆ ಇದೆಯೇ?

ಇದೆ, ಅದೂ ಎರಡು ಬಗೆಯದು. ಎರಡರ ಷರತ್ತುಗಳೂ ಬೇರೆ ಬೇರೆ.

2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯು ಕಾರ್ಖಾನೆ ಮುಚ್ಚಿಹೋದಾಗ, ಕಾನೂನುಬದ್ಧ ಸಿಬ್ಬಂದಿ ಕಡಿತವಾದಾಗ, ಅಥವಾ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ 40ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದು ಕೆಲಸ ಹೋದಾಗ ಅನ್ವಯಿಸುತ್ತದೆ. ಕನಿಷ್ಠ ಎರಡು ವರ್ಷ ವಂತಿಗೆ ಕಟ್ಟಿರಬೇಕು. ಒಟ್ಟು 24 ತಿಂಗಳವರೆಗೆ ಭತ್ಯೆ ಸಿಗುತ್ತದೆ: ಮೊದಲ 12 ತಿಂಗಳು ವೇತನದ ಶೇ 50, ನಂತರದ 12 ತಿಂಗಳು ಶೇ 25. ಆ ಅವಧಿಯಲ್ಲಿ ಕುಟುಂಬಕ್ಕೆ ಚಿಕಿತ್ಸೆಯೂ ಮುಂದುವರಿಯುತ್ತದೆ.

ಎರಡನೆಯದು 2018ರ ಜುಲೈ 1ರಿಂದ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿರಲೇಬೇಕು ಎಂಬ ಷರತ್ತು ಇದಕ್ಕಿಲ್ಲ. ಮೊದಲು ಶೇ 25ರಷ್ಟಿದ್ದ ಪರಿಹಾರವನ್ನು ಕೋವಿಡ್ ಸಮಯದಲ್ಲಿ, 2020ರ ಮಾರ್ಚ್ 24ರಿಂದ ಶೇ 50ಕ್ಕೆ ಏರಿಸಲಾಯಿತು. ಜೀವಮಾನದಲ್ಲಿ ಒಮ್ಮೆ, ಗರಿಷ್ಠ 90 ದಿನಗಳಿಗೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ದಿನಕ್ಕೆ ₹250ರಂತೆ ₹22,500. ಕೆಲಸ ಹೋಗುವ ಮೊದಲು ಎರಡು ವರ್ಷ ವಿಮಾ ವ್ಯಾಪ್ತಿಯ ಉದ್ಯೋಗದಲ್ಲಿದ್ದು, ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ ಮತ್ತು ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿ 78 ದಿನಗಳ ವಂತಿಗೆ ಇರಬೇಕು. ಕೆಲಸ ಹೋದ 30 ದಿನಗಳ ನಂತರ ಅರ್ಜಿ ಹಾಕಬಹುದು. ಅರ್ಜಿಯನ್ನು ಹಳೆಯ ಮಾಲೀಕರ ಮೂಲಕವೇ ಕಳಿಸಬೇಕೆಂದಿಲ್ಲ. ನೌಕರರೇ ನೇರವಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು, ಹಣ ಅವರ ಬ್ಯಾಂಕ್ ಖಾತೆಗೇ ಬರುತ್ತದೆ. ದುರ್ನಡತೆಗಾಗಿ ವಜಾಗೊಂಡವರು, ನಿವೃತ್ತರು, ಸ್ವಯಂ ನಿವೃತ್ತಿ ಪಡೆದವರು ಅರ್ಹರಲ್ಲ. ಈ ಯೋಜನೆಯನ್ನು ಕಾಲಮಿತಿಯೊಂದಿಗೆ ವಿಸ್ತರಿಸುತ್ತಾ ಬಂದಿರುವುದರಿಂದ, ಅರ್ಜಿ ಹಾಕುವ ದಿನ ಅದು ಚಾಲ್ತಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಕೆಲಸ ಕಳೆದುಕೊಂಡವರಿಗೆ 90 ದಿನಗಳ ಅರ್ಧ ಸಂಬಳ ಸಾಕೇ ಎಂದು ಕೇಳಿದರೆ, ಸಾಲದು ಎನ್ನಲೇಬೇಕು. ಆದರೂ ಇರುವುದನ್ನು ಪಡೆಯದೆ ಬಿಡಬಾರದು.

ಒಂದೇ ಅವಧಿಗೆ ಎರಡು ಸೌಲಭ್ಯಗಳನ್ನು ಪಡೆಯಬಹುದೇ?

ಕಾಯಿಲೆ, ಹೆರಿಗೆ ಮತ್ತು ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯಗಳಲ್ಲಿ ಒಂದು ದಿನಕ್ಕೆ ಒಂದೇ ಸಿಗುತ್ತದೆ. ಯಾವುದು ಬೇಕೆಂದು ನೀವೇ ಆರಿಸಿಕೊಳ್ಳಬಹುದು.

ನಿವೃತ್ತಿಯಾದ ಮೇಲೆ ಚಿಕಿತ್ಸೆ ನಿಂತುಹೋಗುತ್ತದೆಯೇ?

ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರು ವರ್ಷಕ್ಕೆ ₹120 ಕಟ್ಟಿ ತಮಗೂ ತಮ್ಮ ಪತಿ ಅಥವಾ ಪತ್ನಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ಇಳಿವಯಸ್ಸಿನಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೇ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಬಲ್ಲವರು ಈ ಅವಕಾಶವನ್ನು ಬಿಡುವುದಿಲ್ಲ.

ಮಾಲೀಕರು ಸಂಬಳದಿಂದ ಹಣ ಹಿಡಿದು ನಿಗಮಕ್ಕೆ ಕಟ್ಟದಿದ್ದರೆ ನನ್ನ ಗತಿ ಏನು?

ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುವುದು ಮಾಲೀಕರ ಜವಾಬ್ದಾರಿ. ತಡವಾದರೆ ವಾರ್ಷಿಕ ಶೇ 12ರಂತೆ ಬಡ್ಡಿ, ಅದರ ಮೇಲೆ ದಂಡವೂ ಬೀಳುತ್ತದೆ. ನೌಕರರಿಂದ ಹಿಡಿದ ಹಣವನ್ನು ಕಟ್ಟದಿರುವುದು ಶಿಕ್ಷಾರ್ಹ ಅಪರಾಧ. ಮಾಲೀಕರ ತಪ್ಪಿನಿಂದ ನೌಕರರಿಗೆ ಸೌಲಭ್ಯ ತಪ್ಪಿದರೆ, ನಿಗಮವು ಅರ್ಹ ಸೌಲಭ್ಯವನ್ನು ಕೊಟ್ಟು ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ನೀವು ಅಲ್ಲಿ ಕೆಲಸ ಮಾಡಿದಿರಿ ಎಂಬುದಕ್ಕೆ ಪೇ ಸ್ಲಿಪ್, ಗುರುತಿನ ಚೀಟಿ, ಬ್ಯಾಂಕಿಗೆ ಸಂಬಳ ಬಂದ ದಾಖಲೆ ಇವುಗಳಲ್ಲಿ ಯಾವುದಾದರೂ ಇರಲಿ.

ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಇದೆಲ್ಲ ಬದಲಾಗಿದೆಯೇ?

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದ್ದು, 1948ರ ಕಾಯ್ದೆಯ ವಿಷಯ ಈಗ ಅದರ ನಾಲ್ಕನೇ ಅಧ್ಯಾಯದಲ್ಲಿದೆ. ಸೌಲಭ್ಯಗಳ ಬಗೆಗಳು ಹಾಗೆಯೇ ಉಳಿದಿವೆ. ಅಪಾಯಕಾರಿ ಕೆಲಸ ನಡೆಯುವ ಘಟಕಗಳಲ್ಲಿ ಒಬ್ಬರೇ ನೌಕರರಿದ್ದರೂ ಅಧಿಸೂಚನೆಯ ಮೂಲಕ ಇಎಸ್‌ಐ ಅನ್ವಯಿಸಲು, ಹತ್ತಕ್ಕಿಂತ ಕಡಿಮೆ ಮಂದಿಯಿರುವ ಸಂಸ್ಥೆಗಳು ಸ್ವಇಚ್ಛೆಯಿಂದ ಸೇರಲು ಅವಕಾಶ ಬಂದಿದೆ. ಮಹಿಳಾ ನೌಕರರ ಅವಲಂಬಿತ ಅತ್ತೆ–ಮಾವನನ್ನೂ ಕುಟುಂಬದ ವ್ಯಾಖ್ಯೆಗೆ ಸೇರಿಸಲಾಗಿದೆ. ವೇತನದ ವ್ಯಾಖ್ಯೆಯೂ ಬದಲಾಗಿದೆ: ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಇದರಿಂದ ಕೆಲವರ ವಂತಿಗೆಯೂ ಸೌಲಭ್ಯದ ದರವೂ ಬದಲಾಗಬಹುದು.

ಆಹಾರ ಮತ್ತು ಪಾರ್ಸೆಲ್ ತಲುಪಿಸುವ ಗಿಗ್ ಕಾರ್ಮಿಕರು ಈಗಲೂ ಇಎಸ್‌ಐ ನೌಕರರ ಸಾಲಿಗೆ ಬರುವುದಿಲ್ಲ. ಅವರಿಗಾಗಿ ಸಂಹಿತೆಯಲ್ಲಿ ಬೇರೆ ಅಧ್ಯಾಯವಿದೆ. ಕರ್ನಾಟಕವು 2025ರಲ್ಲಿ ತನ್ನದೇ ಆದ ಪ್ರತ್ಯೇಕ ಕಾನೂನನ್ನೂ ಮಾಡಿದೆ.

ಅರ್ಜಿ ತಿರಸ್ಕೃತವಾದರೆ ಎಲ್ಲಿಗೆ ಹೋಗಬೇಕು?

ಮೊದಲು ಶಾಖಾ ಕಚೇರಿಯಲ್ಲಿ ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಿ. ದಿನಗಳ ಕೊರತೆ ಎಂದಿದ್ದರೆ, ಯಾವ ವಂತಿಗೆ ಅವಧಿಯಲ್ಲಿ ಎಷ್ಟು ದಿನ ದಾಖಲಾಗಿವೆ ಎಂಬ ವಿವರ ಪಡೆದು ನಿಮ್ಮ ಪೇ ಸ್ಲಿಪ್ಪುಗಳೊಂದಿಗೆ ಹೋಲಿಸಿ ನೋಡಿ. ಮಾಲೀಕರು ದಿನಗಳನ್ನು ತಪ್ಪಾಗಿ ನಮೂದಿಸಿದ್ದರೆ ತಿದ್ದುಪಡಿಗೆ ಬರೆದುಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಪ್ರಾದೇಶಿಕ ಅಥವಾ ಉಪಪ್ರಾದೇಶಿಕ ಕಚೇರಿಗೆ ದೂರು ಕೊಡಬಹುದು. 1800-11-2526 ಉಚಿತ ಸಹಾಯವಾಣಿಯೂ ಇದೆ. ಅರ್ಹತೆ, ವೇತನ ದರ, ಸೌಲಭ್ಯದ ಮೊತ್ತ ಇವುಗಳ ಕುರಿತ ವ್ಯಾಜ್ಯಗಳನ್ನು ತೀರ್ಮಾನಿಸಲು ವಿಮಾ ನ್ಯಾಯಾಲಯವಿದೆ. ವೈದ್ಯಕೀಯ ಮಂಡಳಿ ನಿರ್ಧರಿಸಿದ ಅಂಗವೈಕಲ್ಯದ ಪ್ರಮಾಣ ಕಡಿಮೆಯೆನಿಸಿದರೆ ಮೇಲ್ಮನವಿಗೂ ಅವಕಾಶವಿದೆ. ಕೊಟ್ಟ ಪ್ರತಿಯೊಂದು ಅರ್ಜಿಗೂ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ, ಆನ್‌ಲೈನ್ ಅರ್ಜಿಯಾದರೆ ಅದರ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.